ಆಟಿಕೆ ಡಬ್ಬದ ಮೇಲಿನ ಐಎಸ್‌ಐ ಗುರುತು ಆಮದು ತಡೆಯೋದು ಹೇಗೆ?

ಹೊರದೇಶದ ಮಾಲು ಕಡಿಮೆ ಬರಲಿ ಅಂದ್ರೆ ಸರ್ಕಾರ ಏನು ಮಾಡುತ್ತೆ? ಸುಂಕ ಏರಿಸುತ್ತೆ ಅಂತೀರಿ. ಬಿ.ಕಾಂನಲ್ಲಿ ನಾನು ಮೊದಲು ಓದಿದ್ದೂ ಅದನ್ನೇ. ಆದರೆ ಸುಂಕ ಮುಟ್ಟದೆ ಆಮದು ತಡೆಯೋ ದಾರಿಗಳೂ ಇವೆ: ಗುಣಮಟ್ಟದ ನಿಯಮ, ಪರವಾನಗಿ, ಕನಿಷ್ಠ ಆಮದು ಬೆಲೆ. ಇವನ್ನು ಸುಂಕೇತರ ಕ್ರಮಗಳು ಅಂತಾರೆ. ನಮ್ಮ ಅಡಿಕೆಯನ್ನೇ ನೋಡಿ. 2023ರ ಫೆಬ್ರವರಿಯಲ್ಲಿ ಅದರ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದರು.

ಇವತ್ತಿನ ವಿಷಯ ಆಟಿಕೆ. 2019ರಲ್ಲಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಆಮದು ಆಟಿಕೆಗಳನ್ನು ಪರೀಕ್ಷೆ ಮಾಡಿಸಿದಾಗ ಸುಮಾರು ಶೇ 67ರಷ್ಟು ಫೇಲ್ ಆದವು. 2020ರ ಫೆಬ್ರವರಿಯಲ್ಲಿ ಸುಂಕ ಶೇ 20ರಿಂದ 60ಕ್ಕೆ ಏರಿತು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆಯ್ತು.

ವ್ಯತ್ಯಾಸ ಇಲ್ಲಿದೆ. ಸುಂಕ ಕಟ್ಟಿದ್ರೆ ಮಾಲು ಒಳಗೆ ಬರುತ್ತೆ, ದುಬಾರಿ ಆಗುತ್ತೆ ಅಷ್ಟೆ. ಗುರುತು ಇಲ್ಲದಿದ್ರೆ ಎಷ್ಟು ದುಡ್ಡು ಕೊಟ್ಟರೂ ಬರೋ ಹಾಗಿಲ್ಲ. ಪರವಾನಗಿ ಸಿಗೋದು ತಯಾರಿಸುವ ಕಾರ್ಖಾನೆಗೆ. ಹಾಗಾಗಿ ಚೀನಾದಿಂದ ತರಿಸೋ ರಾಜಾಜಿನಗರದ ವ್ಯಾಪಾರಿ ಇಲ್ಲಿ ಎಷ್ಟು ಓಡಾಡಿದ್ರೂ ಸಾಲದು. ಆ ಚೀನಾ ಕಾರ್ಖಾನೆಯೇ ಬಿಐಎಸ್‌ಗೆ ಅರ್ಜಿ ಹಾಕಿ, ತಪಾಸಣೆ ಪಾಸಾಗಬೇಕು.

ಸರ್ಕಾರದ ಲೆಕ್ಕದಲ್ಲಿ ಆಟಿಕೆ ಆಮದು 2018–19ರ ಸುಮಾರು 37 ಕೋಟಿ ಡಾಲರ್‌ನಿಂದ 2021–22ಕ್ಕೆ ಸುಮಾರು 11 ಕೋಟಿಗೆ ಇಳೀತು. ಸುಂಕ, ಗುರುತು, ಕೋವಿಡ್ ಮೂರೂ ಒಟ್ಟಿಗೆ ಬಂದ ಕಾಲ ಅದು. ಪೂರ್ತಿ ಕ್ರೆಡಿಟ್ ಗುರುತಿಗೇ ಕೊಡೋಕಾಗಲ್ಲ.

ಇದೇ ನಿಯಮ ನಮ್ಮವರಿಗೂ ಅನ್ವಯಿಸುತ್ತೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲೇ ಮುಂದೆ ಹೋದ್ರೆ ಚನ್ನಪಟ್ಟಣ. ಮನೆಯಲ್ಲಿ ಕೂತು ಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚೋರು ಲ್ಯಾಬ್ ಎಲ್ಲಿಂದ ತರಬೇಕು? ಅದಕ್ಕೇ 2020ರ ಡಿಸೆಂಬರ್‌ನಲ್ಲಿ ಆದೇಶ ತಿದ್ದಿ, ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಮಾನ್ಯತೆ ಇರೋ ಆಟಿಕೆಗಳಿಗೂ ವಿನಾಯಿತಿ ಕೊಟ್ಟರು. ಆದರೆ ಪುಟ್ಟ ಶೆಡ್‌ನಲ್ಲಿ ಪ್ಲಾಸ್ಟಿಕ್ ಆಟಿಕೆ ಮಾಡೋರಿಗೆ ಈ ವಿನಾಯಿತಿ ಇಲ್ಲ. ಪರೀಕ್ಷೆ, ಶುಲ್ಕ, ಕಾಗದಪತ್ರ ಎಲ್ಲಾ ಅವರ ತಲೆ ಮೇಲೆ.

ನನ್ನ ಪ್ರಕಾರ ಮಗು ಬಾಯಿಗೆ ಹಾಕೋ ವಸ್ತುವಿಗೆ ನಿಯಮ ಬೇಕೇ ಬೇಕು. ಆದರೆ ಆ ಖರ್ಚನ್ನ ದೊಡ್ಡ ಕಂಪನಿ ಮಾತ್ರ ತಡ್ಕೊಳ್ಳೋ ಹಾಗಿದ್ರೆ, ಹೊರಗೆ ಉಳಿಯೋದು ವಿದೇಶಿ ಮಾಲು ಒಂದೇ ಅಲ್ಲ, ನಮ್ಮ ಸಣ್ಣ ತಯಾರಕರೂ ಹೌದು.

ಮುಂದಿನ ಸಲ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತಿನ ಕೆಳಗಿರೋ ಸಿಎಂ/ಎಲ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ಯಾರ ಪರವಾನಗಿ, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಅಲ್ಲೇ ಗೊತ್ತಾಗುತ್ತೆ. ಮತ್ತೆ ಸಿಗೋಣ.