ಇಪ್ಪತ್ತೈದು ಅಕ್ಷರಗಳ ಬೆಲೆ

ವಿಂಡೋಸ್ 95ರ ಕಾಲದಲ್ಲಿ ಪ್ರಾಡಕ್ಟ್ ಕೀ, ಅಂದರೆ ತಂತ್ರಾಂಶ ಹಾಕಿಕೊಳ್ಳುವಾಗ ಒತ್ತಬೇಕಾದ ಸಂಖ್ಯೆಯನ್ನು ಪರೀಕ್ಷಿಸುವ ಲೆಕ್ಕ ನಗು ಬರುವಷ್ಟು ಸರಳವಾಗಿತ್ತು. ಸಿ.ಡಿ. ಡಬ್ಬಿಯ ಮೇಲಿನ ಸಂಖ್ಯೆಯ ಎರಡನೇ ಭಾಗದ ಏಳು ಅಂಕಿಗಳನ್ನು ಕೂಡಿದಾಗ ಬರುವ ಮೊತ್ತ ಏಳರಿಂದ ಭಾಗವಾದರೆ ಸಾಕು. ಹಾಗಾಗಿ ಉದ್ದಕ್ಕೂ ಬರೀ ಒಂದು, ಒಂದು ಎಂದು ಒತ್ತಿದರೂ ಅದು ಒಪ್ಪಿಕೊಳ್ಳುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಸರಿಯಾದ ಕೀ ಒಂದೇ ಸಾಲದಾಯಿತು. ಕೀ ಹಾಕಿದ ಮೇಲೆ ಮೈಕ್ರೋಸಾಫ್ಟ್‌ನ ಒಪ್ಪಿಗೆಯನ್ನೂ ಪಡೆಯಬೇಕಾಯಿತು. ಆಕ್ಟಿವೇಶನ್ ಎನ್ನುವುದು ಇದಕ್ಕೇ.

ಈಗಿನ ಕೀಯಲ್ಲಿ ಐದೈದರ ಐದು ಗುಂಪು, ಒಟ್ಟು 25 ಅಕ್ಷರ. ಅಮೆರಿಕದಲ್ಲಿ ವಿಂಡೋಸ್ 11 ಹೋಮ್ ಆವೃತ್ತಿಗೆ ಕಂಪನಿಯೇ ಇಟ್ಟ ಬೆಲೆ 139 ಡಾಲರ್, ಪ್ರೊ ಆವೃತ್ತಿಗೆ 199. ಅದೇ ಪ್ರೊ ಆವೃತ್ತಿಯ ಕೀ ಅಂತರ್ಜಾಲದಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹಾಕಿ ನೋಡಿದರೆ ಎಷ್ಟೋ ಸಲ ಕೆಲಸವನ್ನೂ ಮಾಡುತ್ತದೆ. ಗೊಂದಲ ಶುರುವಾಗುವುದೇ ಇಲ್ಲಿ. ಈ ಕೀ ಸರಿಯಿದೆಯೇ, ಇನ್ನೂ ಬಳಕೆಯ ಮಿತಿಯೊಳಗಿದೆಯೇ ಎಂದಷ್ಟೇ ಕಂಪನಿಯ ಸರ್ವರ್ ನೋಡುತ್ತದೆ. ಅದು ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳುವುದಿಲ್ಲ.

ಹಾಗಾದರೆ ಎಲ್ಲಿಂದ ಬರುತ್ತವೆ ಇವು? ಹೊಸ ಲ್ಯಾಪ್‌ಟಾಪ್ ಜೊತೆಗೆ ಬರುವ ಲೈಸೆನ್ಸನ್ನು ಓಇಎಂ ಎನ್ನುತ್ತಾರೆ. ಅದು ಆ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡದ್ದು. ವಿಂಡೋಸ್ 8ರಿಂದೀಚೆಗೆ ದೊಡ್ಡ ಕಂಪನಿಗಳ ಯಂತ್ರಗಳಲ್ಲಿ ಆ ಕೀ ಬೋರ್ಡಿನ ಚಿಪ್‌ನೊಳಗೇ ಕೂತಿರುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವ ರಿಟೇಲ್ ಲೈಸೆನ್ಸನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಮೂರನೆಯದು ವಾಲ್ಯೂಮ್ ಲೈಸೆನ್ಸ್, ಸಂಸ್ಥೆಗಳಿಗೆ ಸಗಟಾಗಿ ಕೊಟ್ಟದ್ದು. ಅದರಲ್ಲಿ ಎಂಎಕೆ ಎಂಬ ಒಂದೇ ಕೀಯಿಂದ ಗೊತ್ತುಮಾಡಿದಷ್ಟು ಯಂತ್ರಗಳನ್ನು ಆಕ್ಟಿವೇಟ್ ಮಾಡಬಹುದು. ಅಗ್ಗದ ಸರಕಿನಲ್ಲಿ ಯಾವುದೋ ಸಂಸ್ಥೆಯಿಂದ ಸೋರಿದ ಇಂಥ ಕೀಗಳಿರುತ್ತವೆ. ತಂತ್ರಾಂಶ ಬರೆಯುವವರಿಗೆ ಪರೀಕ್ಷೆಗೆಂದು ಕೊಟ್ಟವೂ, ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡವೂ ಅವುಗಳ ಜೊತೆ ಸೇರಿಕೊಳ್ಳುತ್ತವೆ. ಇನ್ನೊಬ್ಬರ ರೇಷನ್ ಕಾರ್ಡ್ ತೋರಿಸಿ ಅಕ್ಕಿ ತಂದ ಹಾಗೆ ಇದು: ಅಕ್ಕಿ ಅಸಲಿಯೇ, ಹಕ್ಕು ಮಾತ್ರ ನಿಮ್ಮದಲ್ಲ. ಸೋರಿಕೆ ಗೊತ್ತಾದ ದಿನ ಕಂಪನಿ ಆ ಕೀಯನ್ನು ತಡೆಹಿಡಿಯುತ್ತದೆ. ಮುಂದಿನ ಸಲ ಫಾರ್ಮ್ಯಾಟ್ ಮಾಡಿಸುವ ಹೊತ್ತಿಗೆ ಮಾರಿದವನ ಪತ್ತೆಯೂ ಇರುವುದಿಲ್ಲ.

ಅಗ್ಗದ್ದೆಲ್ಲ ಕಳ್ಳಮಾಲು ಎಂದೂ ಹೇಳುವಂತಿಲ್ಲ. ಜರ್ಮನಿಯ ಕತೆಯನ್ನೇ ನೋಡಿ. ಯಂತ್ರದ ಜೊತೆ ಮಾರಬೇಕಿದ್ದ ಓಇಎಂ ಪ್ರತಿಯನ್ನು ಬಿಡಿಯಾಗಿ ಮಾರಿದ ವ್ಯಾಪಾರಿಯ ಮೇಲೆ ಮೈಕ್ರೋಸಾಫ್ಟ್ ಹೂಡಿದ್ದ ದಾವೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ವ್ಯಾಪಾರಿಯ ಪರ ನಿಂತಿತು. 2012ರ ಜುಲೈ 3ರಂದು, ಹಳೆಯ ಲೈಸೆನ್ಸ್ ಮಾರುತ್ತಿದ್ದ ಯೂಸ್ಡ್‌ಸಾಫ್ಟ್ ಮತ್ತು ತಂತ್ರಾಂಶ ಕಂಪನಿ ಒರಾಕಲ್ ನಡುವಿನ ಮೊಕದ್ದಮೆಯಲ್ಲಿ ಐರೋಪ್ಯ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಕಾಲಮಿತಿಯಿಲ್ಲದ ಲೈಸೆನ್ಸಿಗೆ ಒಮ್ಮೆ ಹಣ ಪಡೆದ ಮೇಲೆ, ಡೌನ್‌ಲೋಡ್ ಮಾಡಿಕೊಂಡ ಪ್ರತಿಯಾದರೂ ಸರಿ, ಅದರ ಮರುಮಾರಾಟವನ್ನು ಕಂಪನಿ ತಡೆಯುವಂತಿಲ್ಲ ಎಂದಿತು. ಷರತ್ತುಗಳಿವೆ. ಮಾರುವವನು ತನ್ನ ಪ್ರತಿಯನ್ನು ಅಳಿಸಲೇಬೇಕು. 25 ಜನರಿಗೆಂದು ಕೊಂಡ ಒಂದು ಲೈಸೆನ್ಸಿನಲ್ಲಿ ಹತ್ತನ್ನು ತಾನಿಟ್ಟುಕೊಂಡು ಉಳಿದದ್ದನ್ನು ಮಾರುವಂತಿಲ್ಲ. ಹೀಗೆ ಯೂರೋಪಿನಲ್ಲಿ ಹಳೆಯ ಲೈಸೆನ್ಸುಗಳ ಅಸಲಿ ಸಂತೆಯೇ ಇದೆ. ಒಳ್ಳೆಯ ವ್ಯಾಪಾರಿ ಲೈಸೆನ್ಸಿನ ಮೂಲ, ಅಳಿಸಿದ ಘೋಷಣೆ, ಬಿಲ್ಲು ಮೂರನ್ನೂ ಕೊಡುತ್ತಾನೆ. ಬರೀ 25 ಅಕ್ಷರ ಕಳಿಸಿ ಕೈತೊಳೆದುಕೊಳ್ಳುವವನು ಆ ತೀರ್ಪಿನ ಹೆಸರು ಹೇಳುವುದು ದೊಡ್ಡ ನಗೆಪಾಟಲು.

ಆ ತೀರ್ಪು ಗಡಿ ದಾಟುವುದೂ ಇಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2010ರಲ್ಲಿ ಆಟೋಡೆಸ್ಕ್ ಎಂಬ ತಂತ್ರಾಂಶ ಕಂಪನಿಯ ಮೊಕದ್ದಮೆಯಲ್ಲಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿತ್ತು: ಕೊಟ್ಟದ್ದು ಬಳಸುವ ಪರವಾನಗಿ ಮಾತ್ರ, ಮಾರಾಟವಲ್ಲ. ನಮ್ಮಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತಂತ್ರಾಂಶದ ಲೈಸೆನ್ಸನ್ನು ಕೂಲಂಕಷವಾಗಿ ಪರಿಶೀಲಿಸಿತು. ಆದರೆ ಅಲ್ಲಿದ್ದುದು ಆದಾಯ ತೆರಿಗೆಯ ತಕರಾರು, ಹಳೆಯ ಕೀ ಮಾರುವ ಹಕ್ಕಿನದಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮು ಮಾತ್ರ ನೇರವಾಗಿದೆ. ಅಕ್ರಮ ಪ್ರತಿ ಎಂದು ತಿಳಿದೂ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಬಳಸಿಲ್ಲವಾದರೆ ಕೋರ್ಟು ಸೆರೆ ಬಿಟ್ಟು ದಂಡವನ್ನಷ್ಟೇ ವಿಧಿಸಬಹುದು.

ಕೊಳ್ಳುವ ಮುನ್ನ, ಕೊಳ್ಳಲೇಬೇಕೇ ಎಂದು ನೋಡಿ. ಅಸಲಿ ವಿಂಡೋಸ್ 10 ಇರುವ ಯಂತ್ರ 11ಕ್ಕೆ ತಕ್ಕಂತಿದ್ದರೆ, ಅಂದರೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಮುಂತಾದವು ಅದರಲ್ಲಿದ್ದರೆ, ಬಡ್ತಿ ಪುಕ್ಕಟೆ. ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಮೈಕ್ರೋಸಾಫ್ಟ್ ಮಾನ್ಯ ಮಾಡಿದ ರೀಫರ್ಬಿಷರ್‌ಗಳಿದ್ದಾರೆ. ಲೈಸೆನ್ಸ್ ಯಂತ್ರದ ಬೆಲೆಯಲ್ಲೇ ಸೇರಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಕೊಂಡರೂ ಅಂಗಡಿಯಲ್ಲಿ ನಿಂತೇ ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟ ತೆರೆಯಿರಿ. ನಿಮ್ಮದಾಗಬೇಕಾದ ಯಂತ್ರ ಯಾವುದೋ ಸಂಸ್ಥೆಯ ಸರ್ವರ್‌ನಿಂದ ಆಕ್ಟಿವೇಟ್ ಆಗಿದೆ ಎಂದು ಅಲ್ಲಿ ಕಂಡರೆ ಹೊರಟು ಬನ್ನಿ. ಅಂಥ ಒಪ್ಪಿಗೆಯ ಆಯುಸ್ಸು 180 ದಿನ, ಆಮೇಲೆ ಆ ಸರ್ವರ್ ಮತ್ತೆ ಸಿಗಬೇಕು.

ಎಲ್ಲರಿಗೂ ವಿಂಡೋಸೇ ಬೇಕೆಂದಿಲ್ಲ. ಪತ್ರ ಬರೆಯಲು, ಬ್ರೌಸರ್ ತೆರೆಯಲು ಉಬುಂಟು ಎಂಬ ಉಚಿತ ಕಾರ್ಯವ್ಯವಸ್ಥೆ ಸಾಕು. ಅದು ಕೀ ಕೇಳುವುದಿಲ್ಲ, ಕನ್ನಡ ಯುನಿಕೋಡ್ ಟೈಪಿಂಗ್ ಅದರಲ್ಲೂ ಇದೆ. ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಗೆ ವಿಂಡೋಸ್ ಬಿಟ್ಟರೆ ಗತಿಯಿಲ್ಲ ನಿಜ. ಅಂಥ ಅಂಗಡಿಯವರು ಜಿಎಸ್‌ಟಿ ನೋಂದಣಿ ಪಡೆದಿದ್ದು, ಕಾಂಪೋಸಿಷನ್ ಪದ್ಧತಿಯಲ್ಲಿ ಇಲ್ಲದಿದ್ದರೆ, ಬಿಲ್ಲು ಕೇಳಿ ಕೊಳ್ಳಲಿ. ಲೈಸೆನ್ಸಿನ ಮೇಲೆ ಕಟ್ಟಿದ ಶೇ. 18 ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳಿ ಸಿಗುತ್ತದೆ.