ಬಂದು ಹೋದದ್ದು ಮತ್ತೆ ಬರುವುದೇ?

2021ರ ಮೇ ತಿಂಗಳಲ್ಲಿ ಕೋವಿಡ್ ಲಸಿಕೆ ಕೇಂದ್ರಗಳ ಮುಂದೆ ಸಾಲು ನಿಂತವರು ಕೇಳುತ್ತಿದ್ದ ಪ್ರಶ್ನೆಗಳನ್ನು ಯಾರಾದರೂ ಬರೆದಿಟ್ಟಿದ್ದರೆ, ರೋಗನಿರೋಧಕ ಶಕ್ತಿಯ ಬಗ್ಗೆ ಅದಕ್ಕಿಂತ ಒಳ್ಳೆಯ ಪಠ್ಯ ಇನ್ನೊಂದು ಸಿಗುತ್ತಿರಲಿಲ್ಲ. ‘ನಂಗೆ ಆಗ್ಲೇ ಬಂದು ಹೋಗಿದೆ, ಇನ್ನೂ ಸೂಜಿ ಬೇಕಾ?’ ‘ಮೊದಲ್ನೇ ಡೋಸ್ ಹಾಕಿಸ್ಕೊಂಡು ಎಂಟು ದಿನಕ್ಕೇ ಪಾಸಿಟಿವ್ ಬಂತಲ್ಲ, ಸೂಜಿಯಿಂದಾನೇ ಬಂತಾ?’ ‘ನಾಲ್ಕು ವಾರ ಅಂದಿದ್ರಿ, ಆಮೇಲೆ ಆರು ಅಂದ್ರಿ, ಈಗ ಹನ್ನೆರಡು ಅಂತೀರಿ. ಯಾವುದು ಸರಿ?’ ಕೇಳಿದವರಲ್ಲಿ ಹೂವಿನ ವ್ಯಾಪಾರಿಗಳಿದ್ದರು, ನಿವೃತ್ತ ಮೇಷ್ಟ್ರುಗಳಿದ್ದರು, ಮಗುವನ್ನು ಸೊಂಟಕ್ಕೇರಿಸಿಕೊಂಡ ತಾಯಂದಿರಿದ್ದರು. ಒಳಗೆ ಕಂಪ್ಯೂಟರಿಗೆ ಹೆಸರು ತುಂಬುತ್ತಿದ್ದ ಹುಡುಗನಿಗೆ ಉತ್ತರಿಸಲು ಪುರಸೊತ್ತಿರಲಿಲ್ಲ. ಸೂಜಿ ಚುಚ್ಚುತ್ತಿದ್ದ ನರ್ಸಮ್ಮನಿಗೆ ಹಿಂದಿನ ದಿನದ ಸುತ್ತೋಲೆಯಷ್ಟೇ ಗೊತ್ತಿತ್ತು.

ಆ ದಿನಗಳನ್ನು ನೆನೆಯುವಾಗ ನಮ್ಮ ಜನ ನಿಯಮ ಪಾಲಿಸಲಿಲ್ಲ, ವಾಟ್ಸ್ಆ್ಯಪ್ ನಂಬಿ ಕೆಟ್ಟರು ಎಂದು ಹೇಳುವವರು ಬಹಳ. ಆ ಮಾತನ್ನು ನಾನು ಒಪ್ಪಲಾರೆ. ಜನ ಕೇಳಿದ್ದು ಬಹುಪಾಲು ಸರಿಯಾದ ಪ್ರಶ್ನೆಗಳನ್ನೇ. ಸರಿಯಾದ ಉತ್ತರ ತಡವಾಗಿ ಬಂತು, ಕೆಲವೊಮ್ಮೆ ಬರಲೇ ಇಲ್ಲ. ಉತ್ತರ ಸಿಗದ ಕಡೆ ಕಷಾಯ ಬಂತು, ಭಯ ಬಂತು, ಹಟ ಬಂತು.

ಮೊದಲ ಲಾಕ್‌ಡೌನಿನ ಮೊದಲ ದಿನ, 2020ರ ಮಾರ್ಚ್ 25, ನಮಗೆ ಯುಗಾದಿ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಮಾತನಾಡಿದರು, ನಡುರಾತ್ರಿಯಿಂದ ದೇಶ ಮುಚ್ಚಿತು. ಬೇವು ಬೆಲ್ಲ ಮನೆಯೊಳಗೇ ಆಯಿತು. ಮರುದಿನ ಹೊಸತೊಡಕು. ಹಳೇ ಮೈಸೂರಿನ ಕಡೆ ಮಾಂಸದಂಗಡಿಗಳ ಮುಂದೆ ಜನ ನಿಂತರು, ಪೊಲೀಸರು ಲಾಠಿ ಬೀಸಿದರು. ಇದಕ್ಕೆ ಎರಡು ವಾರ ಮೊದಲು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅದು ಈ ರೋಗದಿಂದ ದೇಶದಲ್ಲಿ ದಾಖಲಾದ ಮೊದಲ ಸಾವು. ಹಾಗಾಗಿ ಕರ್ನಾಟಕಕ್ಕೆ ಭಯ ದೂರದ ಸುದ್ದಿಯಾಗಿ ಉಳಿದಿರಲಿಲ್ಲ. ಸರ್ಕಾರ ಹೇಳುವ ಮೊದಲೇ ಎಷ್ಟೋ ಹಳ್ಳಿಗಳು ಊರಬಾಗಿಲಿಗೆ ಜಾಲಿಮುಳ್ಳು ಎಳೆದವು, ರಸ್ತೆಗೆ ಅಡ್ಡ ಕಂದಕ ತೋಡಿದವು. ಬೆಂಗಳೂರಿನಿಂದ ಬಂದ ತಮ್ಮದೇ ಮಕ್ಕಳನ್ನು ಶಾಲೆಯ ಕೊಠಡಿಯಲ್ಲೋ ತೋಟದ ಮನೆಯಲ್ಲೋ ಇರಿಸಿದವು.

ಇದು ಕ್ರೂರವೂ ಹೌದು, ಹಳೆಯ ತಿಳಿವಳಿಕೆಯೂ ಹೌದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಿನಿಂದ ಹಳೇ ಮೈಸೂರಿನ ಹಳ್ಳಿಗಳು ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದನ್ನು ಕಲಿತಿದ್ದವು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳಲ್ಲಿ ಜನ ಹೋಗಿ ನೆಲೆಸಲು ಆ ಕಾಲದ ಭಯವೂ ಒಂದು ಕಾರಣ. ಪ್ಲೇಗಮ್ಮನಿಗೆ ಗುಡಿಗಳೂ ಎದ್ದವು. 2020ರಲ್ಲಿ ನಮ್ಮ ಮೇಲೆ ಹೇರಿದ ನಿರ್ಬಂಧಗಳಿಗೆ ಆಧಾರವಾದ ಕಾನೂನುಗಳಲ್ಲೊಂದು ಅದೇ ಪ್ಲೇಗಿನ ಕಾಲದ್ದು, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ.

ಜನ ಸಿಟ್ಟಾದದ್ದು ನಿಯಮಗಳು ಕಠಿಣವಾಗಿದ್ದವು ಎಂಬ ಕಾರಣಕ್ಕಿಂತ ಹೆಚ್ಚಾಗಿ ಅವುಗಳ ತರ್ಕ ಕಾಣದೆ ಹೋದಾಗ. ಮದುವೆಗೆ 50 ಜನ, ಶವಸಂಸ್ಕಾರಕ್ಕೆ 20 ಜನ ಎಂದಾಗ ಹೆಚ್ಚಿನವರು ಒಪ್ಪಿದರು. ಮನೆಯಂಗಳದಲ್ಲೇ ಧಾರೆ ಎರೆದರು, ಉಳಿದ ಬಂಧುಗಳು ಫೋನಿನ ಪರದೆಯಲ್ಲಿ ಅಕ್ಷತೆ ಹಾಕಿದರು. ಆದರೆ 2021ರ ಏಪ್ರಿಲ್ 27ರಿಂದ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ದಿನಸಿ ಎಂದಾಗ, ಇಡೀ ದಿನ ಚದುರಿ ಬರುತ್ತಿದ್ದ ಗಿರಾಕಿಗಳು ನಾಲ್ಕು ಗಂಟೆಯೊಳಗೆ ಮಾರುಕಟ್ಟೆಗೆ ನುಗ್ಗಿದರು. ‘ಹತ್ತು ಗಂಟೆ ಮೇಲಷ್ಟೇ ಬರುತ್ತಾ ಕೊರೊನಾ?’ ಎಂದು ತರಕಾರಿ ಮಾರುವವರು ಕೇಳಿದ್ದನ್ನು ಕೇಳಿದವರೆಲ್ಲ ನಕ್ಕರು. ಅದು ನಗುವ ಮಾತಾಗಿರಲಿಲ್ಲ. ಮುಚ್ಚಿದ ಜಾಗದಲ್ಲಿ ಬಹಳ ಹೊತ್ತು ಒಟ್ಟಿಗಿದ್ದರೆ ಗಾಳಿಯಲ್ಲಿ ಹರಡುತ್ತದೆ, ಬಯಲಲ್ಲಿ ಅಪಾಯ ಕಡಿಮೆ ಎಂದು ಮೊದಲೇ ಬಿಡಿಸಿ ಹೇಳಿದ್ದರೆ ಸಂತೆಯನ್ನು ಮೈದಾನಕ್ಕೆ ಒಯ್ದು ದಿನಪೂರ್ತಿ ತೆರೆದಿಡಬಹುದಿತ್ತು. ಕೆಲವು ಊರುಗಳು ಮೈದಾನಕ್ಕೆ ಒಯ್ದವು ಕೂಡ. ಅದರ ಬದಲು ನಾವು ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆದೆವು, ಹಾಲಿನ ಪೊಟ್ಟಣಕ್ಕೆ ಸ್ಯಾನಿಟೈಸರ್ ಸವರಿದೆವು. ಪತ್ರಿಕೆಯನ್ನು ಬಿಸಿಲಿಗಿಟ್ಟು ಓದಿದೆವು. ಸೋಂಕು ವಸ್ತುಗಳಿಗಿಂತ ಉಸಿರಿನಿಂದ ಹರಡುತ್ತದೆ ಎಂಬ ಮಾತು ಅಧಿಕಾರಿಗಳ ಬಾಯಿಗೆ ಗಟ್ಟಿಯಾಗಿ ಬರುವಷ್ಟರಲ್ಲಿ ಎರಡನೇ ಅಲೆ ಏರಿತ್ತು. 2021ರ ಮೇ ಮೊದಲ ವಾರದಲ್ಲಿ ನಮ್ಮ ರಾಜ್ಯವೊಂದರಲ್ಲೇ ಒಂದೇ ದಿನ 50 ಸಾವಿರಕ್ಕೂ ಮಿಕ್ಕಿ ಪ್ರಕರಣಗಳು ಬಂದವು.

ಇನ್ನು ಕಷಾಯ. ನಮ್ಮಲ್ಲಿ ಅದು ಹೊಸದಲ್ಲ. ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದು ಪುಡಿಮಾಡಿ ಬೆಲ್ಲ ಹಾಲು ಹಾಕಿ ಕುಡಿಯುವುದು ಮಲೆನಾಡು, ಕರಾವಳಿಯ ಮನೆಗಳ ನಿತ್ಯದ ರೂಢಿ. ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಮೆಣಸು, ಒಣಶುಂಠಿಯ ಕಷಾಯವನ್ನೂ ಅರಿಸಿನದ ಹಾಲನ್ನೂ ಚ್ಯವನಪ್ರಾಶವನ್ನೂ ಸೂಚಿಸಿದ ಮೇಲೆ ಬೇಲಿಯ ಮೇಲಿದ್ದ ಅಮೃತಬಳ್ಳಿಗೂ ಹಿತ್ತಲಿನ ದೊಡ್ಡಪತ್ರೆಗೂ ಬೇಡಿಕೆ ಬಂತು. ಹೋಮಿಯೋಪಥಿಯ ಆರ್ಸೆನಿಕಮ್ ಆಲ್ಬಮ್ ಗುಳಿಗೆಯ ಪುಟ್ಟ ಡಬ್ಬಿಗಳನ್ನು ಅಪಾರ್ಟ್‌ಮೆಂಟ್‌ಗಳಲ್ಲಿ ಹಂಚಿದರು. ಬಿಸಿಬಿಸಿ ಕಷಾಯದಿಂದ ಗಂಟಲಿಗೆ ಹಿತವಾಗುತ್ತದೆ, ಮನೆಯವರು ಮಾಡಿಕೊಟ್ಟದ್ದು ಎಂಬ ಸಮಾಧಾನವೂ ಸಿಗುತ್ತದೆ. ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಕೈಯಲ್ಲಿ ಬೇರೇನೂ ಇಲ್ಲದಾಗ ಮನೆಯವರಿಗಾಗಿ ಏನಾದರೂ ಮಾಡಬೇಕು ಎನ್ನುವ ತುಡಿತ ಅದು. ಆದರೆ ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂದು ಅದನ್ನು ಮಾರಿದ್ದು ಬೇರೆ ಮಾತು. ಬಿಸ್ಕತ್ತಿನಿಂದ ಹಿಡಿದು ಬಟ್ಟೆಯವರೆಗೆ ಎಲ್ಲದರ ಮೇಲೂ ಆ ಪದ ಬಂತು.

ಇಲ್ಲಿ ಒಂದು ಸಂಗತಿಯನ್ನು ನಿಂತು ನೋಡಬೇಕು. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್‌ನ ಫಲಿತಾಂಶ ಪ್ರಕಟಿಸಿತು. ವೆಂಟಿಲೇಟರಿನಲ್ಲಿದ್ದವರ ಸಾವನ್ನು ಅದು ಸುಮಾರು ಮೂರನೇ ಒಂದು ಪಾಲು ಇಳಿಸಿತ್ತು. ಈ ಔಷಧಿ ಮಾಡುವ ಕೆಲಸ ದೇಹದ ನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವುದು! ಕೋವಿಡ್‌ನಲ್ಲಿ ಪ್ರಾಣ ಕಳೆದುಕೊಂಡ ಎಷ್ಟೋ ಮಂದಿಯಲ್ಲಿ ವೈರಸ್ಸಿಗಿಂತ ಹೆಚ್ಚು ಹಾನಿ ಮಾಡಿದ್ದು ಹದ ತಪ್ಪಿ ಉರಿದ ಅವರದೇ ರಕ್ಷಣಾ ವ್ಯವಸ್ಥೆ. ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸಿದ್ದು ಅದೇ. ಹಾಗೆಂದು ಆಮ್ಲಜನಕದ ಕೊರತೆಯಿಲ್ಲದ ರೋಗಿಗೆ ಇದೇ ಔಷಧಿಯಿಂದ ಲಾಭ ಕಾಣಲಿಲ್ಲ. ಮರುವರ್ಷ ಅದನ್ನು ಸಕ್ಕರೆ ಕಾಯಿಲೆ ಇದ್ದವರಿಗೂ ಲೆಕ್ಕವಿಲ್ಲದೆ ಕೊಟ್ಟ ಕಡೆ ಕಪ್ಪು ಶಿಲೀಂಧ್ರ ಕಣ್ಣು, ದವಡೆಗಳನ್ನು ತಿಂದಿತು. ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತ ಹೋದಷ್ಟೂ ಒಳ್ಳೆಯದು ಎಂಬ ಎಣಿಕೆ ಎಷ್ಟು ತಪ್ಪು ಎಂದು ತಿಳಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಇದನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದ್ದರೆ ಡಬ್ಬಿಯ ಮೇಲಿನ ಪದಕ್ಕೆ ಅಷ್ಟು ಮರುಳಾಗುತ್ತಿರಲಿಲ್ಲ ನಾವು.

ಸಾಲಿನಲ್ಲಿ ನಿಂತವರ ಪ್ರಶ್ನೆಗಳಿಗೆ ಬರೋಣ. ಸೂಜಿ ಚುಚ್ಚಿಸಿಕೊಂಡ ಎಂಟನೇ ದಿನ ಬಂದ ಕೋವಿಡ್ ಸೂಜಿಯಿಂದ ಬಂದದ್ದಲ್ಲ. ಕೋವ್ಯಾಕ್ಸಿನ್‌ನಲ್ಲಿದ್ದುದು ನಿಷ್ಕ್ರಿಯಗೊಳಿಸಿದ ವೈರಸ್. ಕೋವಿಶೀಲ್ಡ್‌ನಲ್ಲಿದ್ದುದು ವೃದ್ಧಿಯಾಗಲಾರದ ಬೇರೊಂದು ವೈರಸ್, ಅದರೊಳಗೆ ಕೊರೊನಾದ ಮುಳ್ಳಿನ ಪ್ರೋಟೀನಿಗೆ ಬೇಕಾದ ಸೂತ್ರವಷ್ಟೇ. ಪ್ರತಿಕಾಯಗಳು ಸಾಕಷ್ಟು ಬೆಳೆಯಲು ಎರಡು ಮೂರು ವಾರ ಬೇಕು, ಆ ನಡುವೆ ಸೋಂಕು ಎಲ್ಲಿಂದಲಾದರೂ ತಗುಲಬಹುದು. ಲಸಿಕೆಯ ಸಾಲಿನಲ್ಲೇ ತಗುಲಿರಲೂಬಹುದು, ಅಷ್ಟು ಇಕ್ಕಟ್ಟಿನ ಸಾಲುಗಳಿದ್ದವು.

ನಾಲ್ಕು ವಾರ ಹನ್ನೆರಡಾದ ಕತೆಯೂ ಹೇಳಬೇಕಾದದ್ದೇ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದ್ದು 2021ರ ಮೇ 13ರಂದು. ಹೆಚ್ಚು ಅಂತರ ಕೊಟ್ಟರೆ ಪ್ರತಿಕ್ರಿಯೆ ಬಲವಾಗುತ್ತದೆ ಎಂದು ಬ್ರಿಟನ್ನಿನ ಮಾಹಿತಿ ಹೇಳುತ್ತಿತ್ತು, ಅದು ನಿಜ. ಅದೇ ವಾರ ಕರ್ನಾಟಕದಲ್ಲಿ ಲಸಿಕೆ ಸಾಲದೆ 18ರಿಂದ 44 ವಯಸ್ಸಿನವರಿಗೆ ಹಾಕುವುದನ್ನು ನಿಲ್ಲಿಸಿದ್ದೂ ನಿಜ. ಎರಡನ್ನೂ ಒಟ್ಟಿಗೇ ಹೇಳಿದ್ದರೆ ಜನಕ್ಕೆ ಅರ್ಥವಾಗುತ್ತಿತ್ತು. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡದ್ದರಿಂದ ಹೇಳಿದ್ದರ ಮೇಲೂ ಅನುಮಾನ ಬಂತು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮೊದಲನೆಯದು. ಒಮ್ಮೆ ಬಂದವರಿಗೆ ಮತ್ತೆ ಬರುತ್ತದೆಯೇ? ನಮ್ಮ ಅಜ್ಜಿಯರಿಗೆ ಉತ್ತರ ಗೊತ್ತಿತ್ತು: ಅಮ್ಮ ಬಂದು ಹೋದರೆ ಮತ್ತೆ ಬರುವುದಿಲ್ಲ. ದಡಾರ, ಸಿಡುಬುಗಳ ವಿಷಯದಲ್ಲಿ ಬಹುಮಟ್ಟಿಗೆ ಅದು ನಿಜ. ಅಟ್ಲಾಂಟಿಕ್ ಸಾಗರದ ಫ್ಯಾರೊ ದ್ವೀಪಗಳಲ್ಲಿ 1846ರಲ್ಲಿ ದಡಾರ ಎದ್ದಾಗ ಪೀಟರ್ ಪ್ಯಾನಮ್ ಎಂಬ ಡ್ಯಾನಿಶ್ ವೈದ್ಯ ಗಮನಿಸಿದ: 1781ರ ದಡಾರದಲ್ಲಿ ಬದುಕುಳಿದಿದ್ದ ಮುದುಕರಿಗೆ 65 ವರ್ಷ ಕಳೆದರೂ ಅದು ಮತ್ತೆ ತಗುಲಲಿಲ್ಲ. ಶೀತ ತರುವ ಹಳೆಯ ಕೊರೊನಾ ವೈರಸ್‌ಗಳ ರೀತಿಯೇ ಬೇರೆ. ಒಂದು ವರ್ಷ ಕಳೆದರೆ ಅದೇ ಮನುಷ್ಯನಿಗೆ ಅದೇ ವೈರಸ್ ಮತ್ತೆ ಅಂಟಬಲ್ಲದು.

ಕಾರಣ ಹೀಗೆ. ದಡಾರದ ವೈರಸ್ ಒಳಹೊಕ್ಕು ರಕ್ತದಲ್ಲಿ ಹರಡಿ ಕಾಯಿಲೆಯಾಗಲು ಹತ್ತು ದಿನದ ಮೇಲಾಗುತ್ತದೆ. ಹಳೆಯ ನೆನಪಿನ ಕೋಶಗಳು ಎಚ್ಚೆತ್ತು ಪಡೆ ಕಟ್ಟಲು ನಾಲ್ಕೈದು ದಿನ ಸಾಕು, ಗೆಲ್ಲುತ್ತವೆ. ಕೊರೊನಾಕ್ಕೆ ಮೂಗು ಗಂಟಲಲ್ಲಿ ಮನೆ ಮಾಡಲು ಎರಡು ಮೂರು ದಿನವೇ ಸಾಕು. ಆ ಹೊತ್ತಿಗಾಗಲೇ ರಕ್ತದ ಪ್ರತಿಕಾಯ ಇಳಿದಿದ್ದರೆ ಶೀತ ಜ್ವರ ಬರಬಹುದು. ಆದರೆ ವೈರಸ್ ಶ್ವಾಸಕೋಶಕ್ಕಿಳಿಯುವ ಹೊತ್ತಿಗೆ ನೆನಪಿನ ಕೋಶಗಳು ಅಲ್ಲಿರುತ್ತವೆ. ಜೊತೆಗೆ ವೈರಸ್ಸೂ ವೇಷ ಬದಲಿಸುತ್ತಿರುತ್ತದೆ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾಗಿವೆ ಎಂದು ಪ್ರಕಟಿಸಿದರು. ಇಬ್ಬರೂ ಎರಡು ಡೋಸ್ ಪಡೆದವರು, ಇಬ್ಬರಿಗೂ ಕಾಯಿಲೆ ತೀವ್ರವಾಗಲಿಲ್ಲ. ‘ಲಸಿಕೆ ಹಾಕಿಸಿಕೊಂಡರೂ ಬಂತಲ್ಲ’ ಎಂದವರೂ ‘ಲಸಿಕೆ ಹಾಕಿಸಿಕೊಂಡದ್ದಕ್ಕೆ ಉಳಿದೆ’ ಎಂದವರೂ ತಾವು ಕಂಡದ್ದನ್ನೇ ಹೇಳುತ್ತಿದ್ದರು.

‘ಎಲ್ಲರಿಗೂ ಬಂದು ಹೋದರೆ ಮುಗೀತು’ ಎಂಬ ಮಾತಿಗೂ ಲೆಕ್ಕವಿದೆ. 2020ರ ಡಿಸೆಂಬರ್‌ನಿಂದ 2021ರ ಜನವರಿವರೆಗೆ ನಡೆದ ಐಸಿಎಂಆರ್ ಸಮೀಕ್ಷೆಯಲ್ಲಿ ಸುಮಾರು ಶೇ 21ರಷ್ಟು ಜನರ ರಕ್ತದಲ್ಲಿ ಪ್ರತಿಕಾಯ ಕಂಡಿತು. ಐದರಲ್ಲಿ ನಾಲ್ವರಿಗೆ ಇನ್ನೂ ಸೋಂಕು ತಗುಲಿರಲಿಲ್ಲ. ಆದರೂ ನಾವು ಗೆದ್ದೆವು ಎಂದುಕೊಂಡು ಜಾತ್ರೆ, ಚುನಾವಣಾ ಸಭೆ, ಮದುವೆಗಳಿಗೆ ಹೊರಟೆವು. ಜೂನ್, ಜುಲೈನ ಸಮೀಕ್ಷೆಯಲ್ಲಿ ಅದು ಶೇ 67ಕ್ಕೆ ಏರಿತ್ತು. ಈ ಎರಡು ಅಂಕಿಗಳ ನಡುವೆ ಲಸಿಕೆಯೂ ಇದೆ, ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆ ಸಿಗದೆ ಹೋದವರೂ ಇದ್ದಾರೆ.

ಲಸಿಕೆಯ ಬಗ್ಗೆ ಇಂಥ ಅನುಮಾನ ಈ ನೆಲಕ್ಕೆ ಹೊಸದಲ್ಲ. ಥಾಮಸ್ ಹಿಕಿ ಸುಮಾರು 1805ರಲ್ಲಿ ಬಿಡಿಸಿದ ಮೈಸೂರು ರಾಜಮನೆತನದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಬಲಬದಿಯ ತರುಣಿ ಸೀರೆಯ ಸೆರಗನ್ನು ತುಸು ಸರಿಸಿ ತೋಳು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಅವರ ಓದು ಸರಿಯಿದ್ದರೆ, ಹಸುವಿನ ಸಿಡುಬಿನಿಂದ ಬಂದ, ತೋಳಿಂದ ತೋಳಿಗೆ ದಾಟಿಸುತ್ತಿದ್ದ ಲಸಿಕೆಗೆ ಹಿಂಜರಿಯುತ್ತಿದ್ದ ಜನರ ಮುಂದೆ ಅರಮನೆಯ ಹೆಣ್ಣುಮಗಳೊಬ್ಬಳು ತನ್ನ ತೋಳನ್ನೇ ಉತ್ತರವಾಗಿ ಒಡ್ಡಿದ್ದಳು.

ಮಲೆನಾಡಿನವರಿಗಂತೂ ಈ ಪ್ರಶ್ನೆಗಳ ಜೊತೆ ಅರವತ್ತು ವರ್ಷಕ್ಕೂ ಮೀರಿದ ಒಡನಾಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಗೊತ್ತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಕಾಡಿಗೆ ಹೋಗಬೇಡಿ ಎನ್ನುವುದು ಅಲ್ಲಿ ಪ್ರತಿ ಬೇಸಗೆಯ ನಿರ್ಬಂಧ. ಸೊಪ್ಪು, ದರಗು, ಸೌದೆ, ಮೇವು ಎಲ್ಲವೂ ಕಾಡಿನಲ್ಲೇ ಇರುವವರು ಹೋಗದೆ ಬದುಕುವುದು ಹೇಗೆಂದು ಯಾವ ಪ್ರಕಟಣೆಯೂ ಹೇಳುವುದಿಲ್ಲ. ಅವರಿಗೊಂದು ಲಸಿಕೆಯಿತ್ತು: ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು, ಮಾರನೆಯ ದಿನದ ಕೂಲಿ ತಪ್ಪುತ್ತಿತ್ತು. ನಮ್ಮ ರಾಜ್ಯದಲ್ಲೇ ನಡೆದ ಅಧ್ಯಯನವೊಂದರ ಪ್ರಕಾರ ಎರಡು ಡೋಸ್‌ಗೆ ಸಿಕ್ಕ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು. ಹಾಕಿಸಿಕೊಂಡೂ ಕಾಯಿಲೆ ಬಿದ್ದವರನ್ನು ಕಂಡ ಊರಿನವರು ಇನ್ನು ಬೇಡ ಎಂದರೆ ಅವರನ್ನು ಅಜ್ಞಾನಿಗಳು ಎನ್ನಲು ಬಾಯಿ ಬರುವುದಾದರೂ ಹೇಗೆ? 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವರು ಸತ್ತರು. ಲಸಿಕೆ ಪರಿಣಾಮಕಾರಿಯಲ್ಲ ಎಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬಂದ ದಿನ ಆ ಊರಿನವರು ಏನು ಕೇಳುತ್ತಾರೆಂದು ಊಹಿಸಲು ತಜ್ಞರು ಬೇಕಿಲ್ಲ. ಎಷ್ಟು ಸೂಜಿ, ಎಷ್ಟು ವರ್ಷ ತಡೆಯುತ್ತದೆ, ಹಳೆಯದನ್ನು ಹಾಕಿಸಿಕೊಂಡವರಿಗೂ ಬೇಕೇ, ಕಾಯಿಲೆ ಬಂದು ಬದುಕಿದವರಿಗೂ ಬೇಕೇ. ಲಸಿಕೆಯ ಪೆಟ್ಟಿಗೆಯನ್ನು ಆಶಾ ಕಾರ್ಯಕರ್ತೆಯ ಕೈಗಿಡುವ ಮೊದಲು ಈ ನಾಲ್ಕಕ್ಕೂ ಉತ್ತರ ಅಚ್ಚು ಹಾಕಿಸಿ ಕೊಡಬೇಕು. ಯಾವುದಕ್ಕಾದರೂ ಉತ್ತರ ಇನ್ನೂ ಗೊತ್ತಿಲ್ಲದಿದ್ದರೆ ಅದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು, ಗೊತ್ತಾದ ದಿನ ಮತ್ತೆ ಆ ಮನೆಗೆ ಹೋಗಿ ಹೇಳಬೇಕು.