ಪರಿಹಾರ ಕಿಟ್‌ನಲ್ಲಿ ಈ ಮಾತ್ರೆಗಳೇಕೆ?

ದಾನಿಗಳ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು: ನೆರೆ ಸಂತ್ರಸ್ತರಿಗೆ ಅಕ್ಕಿ, ಕಂಬಳಿ ಸರಿ, ಕುಟುಂಬ ಯೋಜನೆಯ ಮಾತ್ರೆ ಏಕೆ? ತಾವು ಕೊಟ್ಟ ಹಣ ನಮ್ಮ ಬಳಿ ಇರುವ ಅಮಾನತ್ತು. ಆದ್ದರಿಂದ ಉತ್ತರಿಸುವುದು ನಮ್ಮ ಹೊಣೆ.

ಪಾಕಿಸ್ತಾನದ 2022ರ ಪ್ರವಾಹ ಸುಮಾರು 3.3 ಕೋಟಿ ಜನರನ್ನು ಬಾಧಿಸಿತು. ಅವರಲ್ಲಿ 6.5 ಲಕ್ಷ ಗರ್ಭಿಣಿಯರಿದ್ದರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಅಂದಾಜಿಸಿತ್ತು. ಹೆರಿಗೆಗೆ ನೆರವು ಬೇಕೆಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಕಣ್ಣಿಗೆ ಬೀಳದ್ದು ಇನ್ನೊಂದು. ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ 'ಲೇಡಿ ಹೆಲ್ತ್ ವರ್ಕರ್'ಗಳು 1994ರಿಂದಲೂ ಮನೆಮನೆಗೆ ಮಾತ್ರೆ ತಲುಪಿಸುತ್ತಿದ್ದಾರೆ. ಊರೇ ಮುಳುಗಿದಾಗ ಆ ಕಾರ್ಯಕರ್ತೆಯೂ ಸಂತ್ರಸ್ತೆಯೇ. ಮಾತ್ರೆ ಕೆಲವು ದಿನ ತಪ್ಪಿದರೂ ರಕ್ಷಣೆ ಇಲ್ಲ, ಚುಚ್ಚುಮದ್ದನ್ನು 3 ತಿಂಗಳಿಗೊಮ್ಮೆ ಹಾಕಿಸಲೇಬೇಕು. ಸಿಸೇರಿಯನ್ ಆಗಿ ಆರು ತಿಂಗಳೂ ತುಂಬದ, ರಕ್ತಹೀನತೆಯ ತಾಯಿಯೊಬ್ಬಳು ಟೆಂಟ್‌ನಲ್ಲಿ ಮತ್ತೆ ಗರ್ಭಿಣಿಯಾದರೆ ಅಪಾಯ ಅವಳ ಜೀವಕ್ಕೇ. ನಾವು ಹೊಸದೇನನ್ನೂ ಹೇರುತ್ತಿಲ್ಲ. ಸಕ್ಕರೆ ಕಾಯಿಲೆಯವರಿಗೆ ನಿಂತುಹೋದ ಔಷಧಿ ಕೊಡುವಂತೆ ಇದೂ. ತುರ್ತು ಸಂದರ್ಭಗಳ ಅಂತಾರಾಷ್ಟ್ರೀಯ ಕನಿಷ್ಠ ಸೇವಾ ಪಟ್ಟಿಯಲ್ಲಿ 2018ರಿಂದ ಇದು ಪ್ರತ್ಯೇಕ ಗುರಿಯಾಗಿಯೇ ಸೇರಿದೆ.

ಹಿರಿಯರ ಅನುಮಾನಕ್ಕೆ ಇನ್ನೊಂದು ಬೇರಿದೆ. 1976ರ ಬಲವಂತದ ಶಸ್ತ್ರಚಿಕಿತ್ಸೆಗಳನ್ನು ಆ ತಲೆಮಾರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದ್ದರಿಂದ ನಮ್ಮ ನಿಯಮ ಕಟ್ಟುನಿಟ್ಟು: ಕೇಳಿದವರಿಗೆ ಮಾತ್ರ, ಆರೋಗ್ಯ ಕಾರ್ಯಕರ್ತೆಯ ಮೂಲಕ, ಖಾಸಗಿಯಾಗಿ. ಬೇಡವೆಂದವರ ರೇಷನ್‌ನಲ್ಲಿ ಒಂದು ಕಾಳೂ ಕಡಿಮೆಯಾಗುವುದಿಲ್ಲ. ತಾತ್ಕಾಲಿಕ ವಿಧಾನಗಳಷ್ಟೇ ಇವೆ. ಶಾಶ್ವತ ಶಸ್ತ್ರಚಿಕಿತ್ಸೆಯನ್ನು ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ, ನಾವೂ ಅದರ ಗೋಜಿಗೆ ಹೋಗುವುದಿಲ್ಲ. ಪ್ರವಾದಿ(ಸ)ರ ಕಾಲದಲ್ಲಿ ಸಹಾಬಿಗಳು ಅಝ್ಲ್ ಪಾಲಿಸುತ್ತಿದ್ದ ವರದಿ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಇಮಾಮ್ ಗಝಾಲಿಯವರು ಅದನ್ನು ಅನುಮತಿಸುವಾಗ ಹೇಳಿದ ಕಾರಣಗಳಲ್ಲಿ ಹೆರಿಗೆಯ ಅಪಾಯದಿಂದ ಪತ್ನಿಯ ಜೀವ ಉಳಿಸುವುದೂ ಒಂದು.

ಲೆಕ್ಕದ ವಿಷಯ: ಈ ಬಾಬ್ತಿಗೆ ಝಕಾತ್ ನಿಧಿಯನ್ನು ಮುಟ್ಟಿಲ್ಲ. ಖರ್ಚೆಲ್ಲ ಸದಕಾ ನಿಧಿಯಿಂದ.

ವಿದ್ಯಾರ್ಥಿವೇತನದ ಕುಟುಂಬಗಳಿಗೆ ಒಂದು ವಿನಂತಿ. ಶಿಬಿರದ ತಾಯಿ ಇಂಥ ಮಾತನ್ನು ಗಂಡಸರ ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಲ್ಲಿ ಸ್ವಯಂಸೇವಕರು ಬೇಕಾದಷ್ಟಿದ್ದಾರೆ, ನರ್ಸ್‌ಗಳು ಸಾಲದು. ನರ್ಸಿಂಗ್, ಎಎನ್‌ಎಂ ಕೋರ್ಸ್ ಸೇರಬಯಸುವ ಹೆಣ್ಣುಮಕ್ಕಳ ಅರ್ಜಿಗಳನ್ನು ಈ ವರ್ಷ ಮೊದಲು ಪರಿಗಣಿಸುತ್ತೇವೆ. ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ.